ಶೇರ್‌ಪಾಯಿಂಟ್ ಲಿಸ್ಟನ್ನು ಪವರ್ ಬಿಐಗೆ ತರುವುದು: ಎಲ್ಲ ಬಗೆಯಲ್ಲೂ ಮಾಡಿ ನೋಡಿದ್ದು

ನಮ್ಮದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆ. ಯಾವ ಮೆಷಿನ್ ಯಾವಾಗ ನಿಂತಿತು, ಯಾರು ರಿಪೇರಿ ಮಾಡಿದರು, ಮತ್ತೆ ಯಾವಾಗ ಶುರುವಾಯಿತು ಅನ್ನೋದನ್ನೆಲ್ಲ ಈಗ ರಿಜಿಸ್ಟರ್ ಬದಲು ಟೀಮ್ಸ್‌ನಲ್ಲಿರುವ ಒಂದು ಲಿಸ್ಟಿನಲ್ಲಿ (ಸಾಲು-ಕಾಲಂಗಳ ಆನ್‌ಲೈನ್ ಪಟ್ಟಿ) ಬರೆಯುತ್ತಾರೆ. ಟೀಮ್ಸ್ ಮೈಕ್ರೋಸಾಫ್ಟಿನ ಚಾಟ್-ಮೀಟಿಂಗ್ ಆ್ಯಪ್. ಲಿಸ್ಟು ನಿಜವಾಗಿ ಕೂತಿರೋದು ಅದರ ಹಿಂದಿರುವ ಶೇರ್‌ಪಾಯಿಂಟ್‌ನಲ್ಲಿ, ಅಂದರೆ ಕಂಪನಿಯ ಫೈಲು, ಪಟ್ಟಿ ಇಡುವ ಮೈಕ್ರೋಸಾಫ್ಟಿನ ಸೈಟಿನಲ್ಲಿ. ಸೋಮವಾರದ ಮೀಟಿಂಗಿಗೆ ಅದರ ಚಾರ್ಟು, ಡೇಟಾದಿಂದ ರಿಪೋರ್ಟು ಮಾಡುವ ಮೈಕ್ರೋಸಾಫ್ಟಿನ ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ತಯಾರಾಗಬೇಕು. ಚಾರ್ಟು ಎಳೆಯೋದು ಸುಲಭ. ಲಿಸ್ಟಿನಲ್ಲಿರೋದು ಇದ್ದ ಹಾಗೇ ಬಂದು ಇಳಿಯಬೇಕಲ್ಲ, ತಲೆನೋವು ಅಲ್ಲೇ.

ಯಾವ ದಾರಿ ಹಿಡಿಯುವ ಮೊದಲೂ ಡೇಟಾ ನಿಜವಾಗಿ ಎಲ್ಲಿದೆ ಅಂತ ನೋಡಿಕೊಳ್ಳಿ. ಟೀಮ್ಸ್ ಚಾನೆಲ್‌ನಲ್ಲಿ ಹಾಕಿದ ಫೈಲು ಆ ಟೀಮಿನ ಶೇರ್‌ಪಾಯಿಂಟ್ ಸೈಟಿನಲ್ಲಿ ಕೂರುತ್ತದೆ. ಚಾಟ್‌ನಲ್ಲಿ ಕಳಿಸಿದ ಫೈಲು ಕಳಿಸಿದವರ ಒನ್‌ಡ್ರೈವ್‌ನಲ್ಲೇ ಇರುತ್ತದೆ. ಚಾಟ್‌ನಲ್ಲಿ ಬಂದ ಫೈಲಿಗೆ ರಿಪೋರ್ಟ್ ಕಟ್ಟಿದರೆ, ಆ ಮನುಷ್ಯ ಕೆಲಸ ಬಿಟ್ಟು ಅಕೌಂಟ್ ಅಳಿಸಿದ ಮೇಲೆ ಒಂದು ದಿನ ಫೈಲೂ ಇರಲ್ಲ, ರಿಪೋರ್ಟೂ ಇರಲ್ಲ. ಹಾಗಾಗಿ ಚಾಟ್ ಫೈಲನ್ನು ಮೊದಲು ಚಾನೆಲ್‌ಗೆ ಹಾಕಿಸಿ.

ಸಿಎಸ್‌ವಿ ಎಕ್ಸ್‌ಪೋರ್ಟ್ (ಲಿಸ್ಟನ್ನು ಬರೀ ಪಠ್ಯದ ಫೈಲಾಗಿ ಇಳಿಸಿಕೊಳ್ಳೋದು) ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದೇ ಸಲ ಬೇಕಾದ ಲೆಕ್ಕಕ್ಕೆ ಸಾಕು. ವಾರ ವಾರ ಮಾಡೋ ಕೆಲಸಕ್ಕೆ ಬೇಡ. 03/07 ಅಂತ ಇದ್ದರೆ ಅದು ಜುಲೈ 3 ಅಂತ ನಮಗೆ ಗೊತ್ತು. ಪವರ್ ಬಿಐ ಫೈಲಿನ ಲೊಕೇಲ್ (ತಾರೀಖನ್ನು ಯಾವ ದೇಶದ ರೀತಿ ಓದಬೇಕು ಅನ್ನೋ ಸೆಟ್ಟಿಂಗ್) ಅಮೆರಿಕದ್ದಾಗಿದ್ದರೆ ಪವರ್ ಬಿಐ ಅದನ್ನು ಮಾರ್ಚ್ 7 ಅಂತ ಓದುತ್ತದೆ. ಬೈಯೋದೂ ಇಲ್ಲ, ಸುಮ್ನೆ ತಪ್ಪಾಗಿ ಓದಿಕೊಂಡು ಹೋಗುತ್ತದೆ.

ಶೇರ್‌ಪಾಯಿಂಟ್ ಸೈಟಿನ ಲೈಬ್ರರಿಯಲ್ಲಿ (ಫೈಲು ಇಡುವ ಜಾಗ) ಎಕ್ಸೆಲ್ ಇಟ್ಟು ಅದನ್ನು ಜೋಡಿಸೋದು ಇದಕ್ಕಿಂತ ಎಷ್ಟೋ ಮೇಲು. ಒಂದೇ ಫೈಲಾದರೆ ಅದನ್ನು ಎಕ್ಸೆಲ್ ಆ್ಯಪಿನಲ್ಲಿ ತೆರೆದು, ಫೈಲ್ ಮೆನುವಿನ ಇನ್ಫೋದಲ್ಲಿ ಕಾಪಿ ಪಾತ್ ಒತ್ತಿ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಶುರುವಾಗುವ ಬಾಲವಿದ್ದರೆ ಕತ್ತರಿಸಿ. ಉಳಿದದ್ದನ್ನು ಪವರ್ ಬಿಐನ 'ವೆಬ್' ಕನೆಕ್ಟರಿಗೆ (ಹೊರಗಿನ ಡೇಟಾ ತರುವ ಕೊಂಡಿ) ಕೊಟ್ಟು, ಆಫೀಸಿನ ಅಕೌಂಟಿನಿಂದ ಸೈನ್ ಇನ್ ಆಗಿ. ತಿಂಗಳಿಗೊಂದು ಫೈಲಿದ್ದರೆ 'ಶೇರ್‌ಪಾಯಿಂಟ್ ಫೋಲ್ಡರ್' ಬೇಕು. ಹೆಸರು ಫೋಲ್ಡರ್, ಆದರೆ ಅದು ಕೇಳೋದು ಸೈಟಿನ ವಿಳಾಸ. ಫೋಲ್ಡರಿನ ವಿಳಾಸ ಕೊಟ್ಟರೆ ಒಪ್ಪಲ್ಲ. ಆಮೇಲೆ ಸೈಟಿನಲ್ಲಿರುವ ಎಲ್ಲ ಫೈಲನ್ನೂ ಪಟ್ಟಿ ಮಾಡಿ ಮುಂದಿಡುತ್ತದೆ. ನಮ್ಮ ಸೈಟಿನಲ್ಲಿ ಕೆಟ್ಟ ಬೇರಿಂಗ್, ಹರಿದ ಬೆಲ್ಟ್‌ಗಳ ಫೋಟೋ ರಾಶಿ ಇದೆ. ಅದೆಲ್ಲ ಬಂದು ಮುಗಿಯುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರಬಹುದು. ಅಡ್ವಾನ್ಸ್ಡ್ ಎಡಿಟರಿನಲ್ಲಿ (ಡೇಟಾ ತರುವ ಹಂತಗಳ ಕೋಡ್ ತೋರಿಸುವ ಕಿಟಕಿ) ಶೇರ್‌ಪಾಯಿಂಟ್.ಫೈಲ್ಸ್ ಅಂತ ಇರೋದನ್ನು ಶೇರ್‌ಪಾಯಿಂಟ್.ಕಂಟೆಂಟ್ಸ್ ಅಂತ ಬದಲಿಸಿದರೆ ಫೋಲ್ಡರ್ ಫೋಲ್ಡರಾಗಿ ಒಳಗೆ ಹೋಗಬಹುದು, ಕಾಯೋದು ತಪ್ಪುತ್ತದೆ. ಎಕ್ಸೆಲ್‌ನ ದೊಡ್ಡ ತೊಂದರೆ ಅಂದರೆ ಜನ. ಯಾರೋ ಮೇಲೆ ಒಂದು ಸಾಲು ಸೇರಿಸಿ ಕಂಪನಿ ಹೆಸರು ಹಾಕುತ್ತಾರೆ, ಇನ್ನೊಬ್ಬರು ಶೀಟಿನ ಹೆಸರು ಬದಲಿಸುತ್ತಾರೆ. ಯಾರನ್ನು ಅಂತ ಕೇಳ್ತೀರಿ?

ಈಗ ನೇರ ದಾರಿ: 'ಶೇರ್‌ಪಾಯಿಂಟ್ ಆನ್‌ಲೈನ್ ಲಿಸ್ಟ್' ಕನೆಕ್ಟರ್. ಇದು ತನ್ನ 1.0 ಆವೃತ್ತಿ ಬೇಕೋ 2.0 ಬೇಕೋ ಅಂತ ಕೇಳುತ್ತದೆ. 1.0 ಸಂತೆ ಚೀಲದ ಹಾಗೆ, ಎಲ್ಲ ಸುರಿದುಕೊಂಡು ನಮಗೆ ಬೇಕಾದ್ದನ್ನು ನಾವೇ ಆರಿಸಬೇಕು. ಉದ್ದದ ಟಿಪ್ಪಣಿಯ ಕಾಲಂ ಎಚ್‌ಟಿಎಂಎಲ್ ಟ್ಯಾಗ್ (ವೆಬ್ ಪುಟದ ಗುರುತುಗಳು) ಸಮೇತ ಬರುತ್ತದೆ. ಟ್ಯಾಗ್ ಇಲ್ಲದ ಪಠ್ಯ ಬೇಕು ಅಂತ 'ಫೀಲ್ಡ್‌ವ್ಯಾಲ್ಯೂಸ್‌ಆಸ್‌ಟೆಕ್ಸ್ಟ್' ಕಾಲಂ ಬಿಡಿಸಿದರೆ ರಿಫ್ರೆಶ್ (ಡೇಟಾ ಮತ್ತೆ ತರಿಸಿಕೊಳ್ಳೋದು) ತೆವಳೋಕೆ ಶುರು. ಹೊಸಬರಿಗೆ ನಾನು 1.0 ಹೇಳಲ್ಲ.

2.0ರಲ್ಲಿ ಎರಡು ಆಯ್ಕೆ. 'ಆಲ್' ಅಂದರೆ ಎಲ್ಲ ಕಾಲಂ. 'ಡಿಫಾಲ್ಟ್' ಅಂದರೆ ಲಿಸ್ಟಿನ ಡಿಫಾಲ್ಟ್ ವ್ಯೂನಲ್ಲಿ (ಲಿಸ್ಟು ತೆರೆದ ಕೂಡಲೇ ಬರುವ ನೋಟ) ಕಾಣುವ ಕಾಲಂ ಮಾತ್ರ. ಡಿಫಾಲ್ಟ್ ಚೊಕ್ಕವಾಗಿರುತ್ತದೆ, ನನಗೂ ಅದೇ ಇಷ್ಟ. ಆದರೆ ಯಾರಾದರೂ ಆ ವ್ಯೂನಿಂದ ಒಂದು ಕಾಲಂ ತೆಗೆದರೆ ಇಲ್ಲಿ 'ಕಾಲಂ ಸಿಗಲಿಲ್ಲ' ಅಂತ ಎರರ್. ಅದಕ್ಕೇ ರಿಪೋರ್ಟಿಗೆ 'ಆಲ್' ಹಾಕಿ, ಬೇಡದ್ದನ್ನು ಇಲ್ಲೇ ತೆಗೆಯೋದು ವಾಸಿ. ಅದರಲ್ಲೂ ಒಂದು ಕೊಕ್ಕೆ ಇದೆ. ಡಿಫಾಲ್ಟ್ ವ್ಯೂ ಕ್ಯಾಲೆಂಡರ್ ಅಥವಾ ಬೋರ್ಡ್ ಆಗಿದ್ದರೆ, 'ಆಲ್' ಅಂದರೂ ಆ ವ್ಯೂನಲ್ಲಿರುವ ಕಾಲಂಗಳಷ್ಟೇ ಬರುತ್ತವೆ. ಬೋರ್ಡ್ ನೋಡೋಕೆ ಚೆಂದ ಅಂತ ಯಾರೋ ಅದನ್ನೇ ಡಿಫಾಲ್ಟ್ ಮಾಡಿದ ದಿನ ನಮ್ಮ ರಿಪೋರ್ಟು ಅರ್ಧ ಖಾಲಿಯಾಗಿತ್ತು.

ಮೆಕ್ಯಾನಿಕ್ ಹೆಸರಿನ ಕಾಲಂ 2.0ರಲ್ಲಿ ಹೆಸರಾಗಿ ಬರಲ್ಲ, ಬಿಡಿಸಬೇಕಾದ ಲಿಸ್ಟಾಗಿ ಬರುತ್ತದೆ. ಒಂದು ದೂರಿಗೆ ಇಬ್ಬರು ಮೆಕ್ಯಾನಿಕ್ ಇದ್ದರೆ ಬಿಡಿಸಿದಾಗ ಸಾಲು ಎರಡಾಗುತ್ತದೆ, ಮೆಷಿನ್ ನಿಂತ ಗಂಟೆಯೂ ಎರಡರಷ್ಟಾಗುತ್ತದೆ. ಹೆಸರುಗಳಿಗೆ ಬೇರೆ ಟೇಬಲ್ ಮಾಡಿ ದೂರಿನ ಐಡಿಯಿಂದ ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ತಾರೀಖಿನ ಮೇಲೆ. ರಾತ್ರಿ ಪಾಳಿಯ ಸೂಪರ್‌ವೈಸರ್ ಬಂದು, "ಮೇಡಂ, ನಾನು 1ನೇ ತಾರೀಖು ಹಾಕಿದ ದೂರು ಹೋದ ತಿಂಗಳ ಲೆಕ್ಕಕ್ಕೆ ಹೋಗಿದೆ ನೋಡಿ" ಅಂದರು. ಅವರು ಹೇಳಿದ್ದು ಸರಿ. ಶೇರ್‌ಪಾಯಿಂಟ್ ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ. ಬ್ರೌಸರಿನಲ್ಲಿ ನೋಡುವಾಗ ನಮ್ಮ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ, ಪವರ್ ಬಿಐಗೆ ಮಾತ್ರ ಯುಟಿಸಿಯನ್ನೇ ಕೊಡುತ್ತದೆ. ಸೈಟಿನ ಟೈಮ್‌ಝೋನ್ ಭಾರತದ್ದಾಗಿದ್ದರೆ ಆಗಸ್ಟ್ 1ರ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ ಜುಲೈ 31ರ ಸಂಜೆ 6:30. ಅದನ್ನು ಹಾಗೇ 'ಡೇಟ್' ಮಾಡಿದರೆ ಜುಲೈ ಉಳಿಯುತ್ತದೆ. ಮೊದಲು ಕಾಲಂ ಟೈಪನ್ನು ಡೇಟ್/ಟೈಮ್/ಟೈಮ್‌ಝೋನ್ ಮಾಡಿ, ಆಮೇಲೆ 5 ಗಂಟೆ 30 ನಿಮಿಷಕ್ಕೆ ತಿರುಗಿಸಿ, ಕೊನೆಗೆ ಡೇಟ್ ಮಾಡಿ. ಇದಕ್ಕೆ ಡೇಟ್‌ಟೈಮ್‌ಝೋನ್.ಟುಲೋಕಲ್ ಅನ್ನೋ ಫಂಕ್ಷನ್ ಬಳಸಿ ಅಂತ ಸುಮಾರು ಜನ ಹೇಳುತ್ತಾರೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತದೆ. ಪಬ್ಲಿಷ್ ಮಾಡಿದ (ರಿಪೋರ್ಟನ್ನು ಪವರ್ ಬಿಐ ಕ್ಲೌಡಿಗೆ ಏರಿಸಿದ) ಮೇಲೆ ಕ್ಲೌಡಿನ 'ಲೋಕಲ್' ಯುಟಿಸಿಯೇ ಆಗಿರೋದರಿಂದ ಮತ್ತೆ ಅದೇ ಕಥೆ. ಅದರ ಬದಲು ಡೇಟ್‌ಟೈಮ್‌ಝೋನ್.ಸ್ವಿಚ್‌ಝೋನ್ ಬಳಸಿ, 5 ಮತ್ತು 30 ಅಂತ ಕೈಯಾರೆ ಬರೆಯಿರಿ.

ಲಿಸ್ಟು ದೊಡ್ಡದಾದಾಗ 'ಒಡೇಟಾ ಫೀಡ್' ಹಿಡಿದೆ, ಅದು ವೆಬ್ ವಿಳಾಸದ ಮೂಲಕ ಡೇಟಾ ತರುವ ಇನ್ನೊಂದು ಕನೆಕ್ಟರ್. ಬೇಕಾದ ಕಾಲಂ ಯಾವುದು ಅಂತ ವಿಳಾಸದಲ್ಲೇ ಬರೆದುಬಿಡೋದರಿಂದ ಅಷ್ಟೇ ಬರುತ್ತದೆ. ನಮ್ಮಲ್ಲಿ ಕಣ್ಣಿಗೆ ಕಾಣುವಷ್ಟು ಬೇಗ ಮುಗಿಯಿತು. ಆದರೆ ಇಲ್ಲಿ ಕಾಲಂನ ಒಳಗಿನ ಹೆಸರು (ಶೇರ್‌ಪಾಯಿಂಟ್ ತನಗಾಗಿ ಇಟ್ಟುಕೊಳ್ಳುವ ಹೆಸರು) ಬೇಕು, ಕನ್ನಡದವರಿಗೆ ಪರದಾಟ ಇಲ್ಲೇ. ಕಾಲಂಗೆ 'ದೂರು' ಅಂತ ಹೆಸರಿಟ್ಟು ಶುರುಮಾಡಿದರೆ ಶೇರ್‌ಪಾಯಿಂಟ್ ಒಳಗೊಳಗೇ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆಯನ್ನೂ ಒಂದೊಂದು ಕೋಡ್ ಮಾಡುತ್ತದೆ. ಒಂದು ಕೋಡಿಗೆ 7 ಅಕ್ಷರ. 'ದೂರು'ವಿಗೆ 28 ಆಯಿತು. ಒಳಗಿನ ಹೆಸರಿಗೆ ಇರುವ ಮಿತಿ 32. 'ಯಂತ್ರದ ಸಂಖ್ಯೆ' ಅಂದರೆ ನಡುವೆಯೇ ತುಂಡಾಗುತ್ತದೆ. ವಿಳಾಸದಲ್ಲಿ ಅದನ್ನು ಬರೆಯೋ ಕರ್ಮ ಯಾರಿಗೂ ಬೇಡ. ಉಪಾಯ ಇಷ್ಟೇ: ಕಾಲಂ ಮಾಡುವಾಗ ಚಿಕ್ಕ ಇಂಗ್ಲಿಷ್ ಹೆಸರಿಡಿ, ಸೇವ್ ಮಾಡಿ, ಆಮೇಲೆ ಕನ್ನಡಕ್ಕೆ ಬದಲಿಸಿ. ಹೊರಗಿನ ಹೆಸರು ಬದಲಾದರೂ ಒಳಗಿನದು ಮೊದಲಿನದೇ ಉಳಿಯುತ್ತದೆ. ಪಾಳಿಯವರಿಗೆ ಕನ್ನಡವೇ ಕಾಣುತ್ತದೆ.

ಮಂಡ್ಯದ ಗೋಡೌನಿನಲ್ಲಿ ಮಾತ್ರ ಬೇರೆ ಕಥೆ. ಅಲ್ಲಿನವರಿಗೆ ಮೈಕ್ರೋಸಾಫ್ಟ್ ಲೈಸೆನ್ಸ್ ಇಲ್ಲ, ಫೋನಿನಲ್ಲೇ ಗೂಗಲ್ ಫಾರ್ಮ್ ತುಂಬುತ್ತಾರೆ, ಉತ್ತರಗಳು ಗೂಗಲ್ ಶೀಟಿಗೆ ಹೋಗುತ್ತವೆ. ಪವರ್ ಬಿಐನಲ್ಲಿ ಗೂಗಲ್ ಶೀಟ್ಸ್ ಕನೆಕ್ಟರ್ ಇದೆ. ಶೀಟಿನ ಲಿಂಕ್ ಹಾಕಿ, ಗೂಗಲ್ ಅಕೌಂಟಿನಿಂದ ಒಳಗೆ ಹೋದರೆ ಮುಗಿಯಿತು. ಟೈಮ್‌ಝೋನ್ ತಾಪತ್ರಯ ಇಲ್ಲ, ಶೀಟಿನಲ್ಲಿ ಕಂಡ ಸಮಯವೇ ಬರುತ್ತದೆ. ಕನ್ನಡದ ತಲೆಬರಹವೂ ಇದ್ದ ಹಾಗೇ ಬರುತ್ತದೆ. ಫಾರ್ಮಿನ ಪ್ರಶ್ನೆಯ ಮಾತು ತಿದ್ದಿದರೆ ಶೀಟಿನ ತಲೆಬರಹವೂ ಬದಲಾಗಿ ಡೇಟಾ ಬರೋದು ನಿಲ್ಲುತ್ತದೆ, ಅಷ್ಟು ಹುಷಾರಾಗಿದ್ದರೆ ಆಯಿತು. 'ಪಬ್ಲಿಷ್ ಟು ವೆಬ್' ಲಿಂಕ್ ಬಳಸುವ ಅಡ್ಡದಾರಿ ಬೇಡವೇ ಬೇಡ. ಲಿಂಕ್ ಸಿಕ್ಕವರೆಲ್ಲ ಅದನ್ನು ಓದಬಹುದು.

ಈಗ ನಮ್ಮಲ್ಲಿ ಚಿಕ್ಕ ಲಿಸ್ಟುಗಳೆಲ್ಲ 2.0 'ಆಲ್', ಮೆಷಿನ್ ದೂರಿನ ದೊಡ್ಡ ಲಿಸ್ಟು ಒಡೇಟಾ, ಸ್ಟೋರ್ಸ್‌ನವರದು ಎಕ್ಸೆಲ್. ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಗೇಟ್‌ವೇ (ನಿಮ್ಮ ಕಂಪ್ಯೂಟರಿನ ಡೇಟಾವನ್ನು ಕ್ಲೌಡಿಗೆ ತಲುಪಿಸುವ ಸಾಫ್ಟ್‌ವೇರ್) ಬೇಕಿಲ್ಲ. ಪವರ್ ಬಿಐ ಪ್ರೊ ಇದ್ದರೆ ದಿನಕ್ಕೆ 8 ಸಲದವರೆಗೆ ತಾನೇ ರಿಫ್ರೆಶ್ ಆಗುತ್ತದೆ, ನಮಗೆ ಪಾಳಿಗೊಂದು ಸಲ ಸಾಕು. ಆದರೆ ಅದೇ ರಿಪೋರ್ಟಿಗೆ ನಿಮ್ಮ ಡಿ ಡ್ರೈವಿನಲ್ಲಿರುವ ಒಂದೇ ಒಂದು ಫೈಲು ಸೇರಿಸಿ ನೋಡಿ, ಗೇಟ್‌ವೇ ಹಾಕಿ ಅಂತ ಹಟ ಹಿಡಿಯುತ್ತದೆ. ಆ ಫೈಲನ್ನೂ ಲೈಬ್ರರಿಗೆ ಸಾಗಿಸಿಬಿಡಿ.