ಪಾರ್ಕಿನ್ಸನ್ ಇದ್ದವರಿಗೆ ಯಾವ ವಾಕರ್?

ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈಕಾಲಿನ ಚಲನೆ ನಿಧಾನವಾಗುವ ನರದ ಕಾಯಿಲೆ. ಅವರಿಗೆ ಮೊದಲು ತಂದಿದ್ದು ಚಕ್ರ ಇಲ್ಲದ ನಾಲ್ಕು ಕಾಲಿನ ವಾಕರ್. ಅಗ್ಗ, ಹಗುರ. ಆದರೆ ಹೆಜ್ಜೆ ಹೆಜ್ಜೆಗೂ ಎತ್ತಿ ಇಡಬೇಕಲ್ವಾ, ಅಲ್ಲೇ ನಡಿಗೆಯ ಲಯ ತಪ್ಪಿ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಿತ್ತು, ಎತ್ತುವಾಗ ಒಮ್ಮೆ ಹಿಂದಕ್ಕೂ ವಾಲಿದರು. ನಾಲ್ಕು ಚಕ್ರದ್ದಕ್ಕೆ ದುಡ್ಡು ಜಾಸ್ತಿ, ಆದರೆ ನಡಿಗೆ ಕಡಿಯುವುದಿಲ್ಲ, ಸುಸ್ತಾದರೆ ಕೂರಲು ಸೀಟೂ ಇರುತ್ತದೆ. ಬ್ರೇಕ್ ಮಾತ್ರ ನೋಡಿ ತಗೊಳ್ಳಿ. ಮುಂದಕ್ಕೆ ಓಡುವ ಹಾಗೆ ಹೆಜ್ಜೆ ಹಾಕುವವರಿಗೆ ಹಿಡಿ ಒತ್ತಿದಾಗಷ್ಟೇ ಉರುಳುವ, ಕೈ ಬಿಟ್ಟರೆ ತಾನೇ ನಿಲ್ಲುವಂಥದ್ದು ವಾಸಿ. ಕೊಳ್ಳುವ ಮೊದಲು ಫಿಸಿಯೋಥೆರಪಿಸ್ಟ್ ಎದುರು ಎರಡನ್ನೂ ಹಿಡಿಸಿ ನಡೆಸಿ ನೋಡಿ.

ಹೊಸ್ತಿಲ ಹತ್ತಿರ ಅಪ್ಪ ಈಗಲೂ ನಿಂತುಬಿಡುತ್ತಾರೆ. ಅಲ್ಲಿ ನೆಲಕ್ಕೆ ಅಡ್ಡಡ್ಡ ಹಳದಿ ಟೇಪ್ ಅಂಟಿಸಿದ್ದೇವೆ, ಗೆರೆ ದಾಟುವ ಹಾಗೆ ಕಾಲೆತ್ತಿದರೆ ಸಲೀಸಾಗಿ ಆಚೆ ಬರುತ್ತಾರೆ.