ಡಿಎನ್‌ಎಸ್‌ಗೆ ಹಳೇ ಪುಸ್ತಕ ನಡೆಯುತ್ತೆ, ಮೇಲ್‌ಗೆ ನಡೆಯಲ್ಲ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಡೊಮೈನ್ ಹೆಸರಿಗೆ ಸರ್ವರ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಆಫೀಸಿನ ಮೇಲ್ ಸರ್ವರ್ ಎರಡನ್ನೂ ನಾವೇ ನಡೆಸೋಣ ಅಂತ ಹೋದ ವರ್ಷ ಹೊರಟೆ. ಹೇಳಿಕೊಡುವವರು ಯಾರೂ ಇರಲಿಲ್ಲ, ಪುಸ್ತಕವೇ ಗತಿ.

ಧಾರವಾಡದ ಹಳೇ ಪುಸ್ತಕದ ಅಂಗಡಿಯಲ್ಲಿ ಮೊದಲು ಸಿಕ್ಕಿದ್ದು ಕ್ರಿಕೆಟ್ ಲಿಯು, ಪಾಲ್ ಆಲ್ಬಿಟ್ಜ್ ಬರೆದ ‘ಡಿಎನ್‌ಎಸ್ ಅಂಡ್ ಬೈಂಡ್’, 2006ರ ಐದನೇ ಆವೃತ್ತಿ. ಬೈಂಡ್ ಅಂದರೆ ಡಿಎನ್‌ಎಸ್ ನಡೆಸುವ ಸಾಫ್ಟ್‌ವೇರ್. ಇಷ್ಟು ಹಳೇದನ್ನ ತಗೊಂಡು ದುಡ್ಡು ಹಾಳು ಮಾಡಿದೆನಾ ಅಂತ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿವರೆಗೂ ಯೋಚಿಸಿದ್ದೆ. ಹಾಳಾಗಿರಲಿಲ್ಲ. ಇವತ್ತಿಗೂ ನಡೆಯುತ್ತಿರುವ ಡಿಎನ್‌ಎಸ್‌ನ ಮೂಲ ನಿಯಮಗಳೇ 1987ರವು, ಡೊಮೈನಿನ ಹೆಸರು, ವಿಳಾಸಗಳ ಪಟ್ಟಿಯಾದ ಝೋನ್ ಫೈಲು ಬರೆಯುವ ರೀತಿ ಬದಲಾಗಿಲ್ಲ.

ನಾನು ಬರೆದ ಮೊದಲ ಝೋನ್ ಫೈಲಿನಲ್ಲಿ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ಸಾಲಿನ ಕೊನೆಯ ಚುಕ್ಕೆ ಬಿಟ್ಟುಹೋಗಿತ್ತು. ಚುಕ್ಕೆ ಇಲ್ಲದಿದ್ದರೆ ಆ ಹೆಸರಿನ ಬಾಲಕ್ಕೆ ಬೈಂಡ್ ಡೊಮೈನ್ ಹೆಸರನ್ನು ಇನ್ನೊಮ್ಮೆ ಅಂಟಿಸುತ್ತದೆ, ಡಿಎನ್‌ಎಸ್ ಉತ್ತರ ತೋರಿಸುವ ಡಿಗ್ ಕಮಾಂಡ್ ಹಾಕಿ ನೋಡಿದರೆ ನಮ್ಮ ಹೆಸರು ಎರಡೆರಡು ಸಲ! ಚುಕ್ಕೆ ಇಟ್ಟೆ, ಫೈಲು ಬದಲಾಗಿದೆ ಅಂತ ತಿಳಿಸುವ ಸೀರಿಯಲ್ ನಂಬರ್ ಏರಿಸುವುದನ್ನು ಮರೆತೆ, ಅದರ ನಕಲು ಇಟ್ಟುಕೊಳ್ಳುವ ಎರಡನೇ ಸರ್ವರ್ ಹಳೇ ಉತ್ತರವನ್ನೇ ಕೊಡುತ್ತಾ ಕೂತಿತು. ಎರಡೂ ತಪ್ಪು ಆ ಪುಸ್ತಕದ ದೋಷ ಹುಡುಕುವ ಅಧ್ಯಾಯದಲ್ಲಿ ಅಚ್ಚಾಗಿವೆ, ನಾನು ಅಲ್ಲಿಗೆ ಇನ್ನೂ ಬಂದಿರಲಿಲ್ಲ ಅಷ್ಟೆ. ಡಿಎನ್‌ಎಸ್ ಉತ್ತರ ಅಸಲಿಯೇ ಅಂತ ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್ ಭಾಗ ಮಾತ್ರ ಹಳತಾಗಿದೆ. ಅದಕ್ಕೆ ಬೈಂಡ್ ತಯಾರಿಸುವ ಐಎಸ್‌ಸಿ ಸಂಸ್ಥೆ ಪುಕ್ಕಟೆ ಕೊಡುವ ಕೈಪಿಡಿಯೇ ವಾಸಿ.

ಅದೇ ಧೈರ್ಯದ ಮೇಲೆ ಕೈಲ್ ಡೆಂಟ್ ಅವರ 2003ರ ‘ಪೋಸ್ಟ್‌ಫಿಕ್ಸ್: ದ ಡೆಫಿನಿಟಿವ್ ಗೈಡ್’ ಹಿಡಿದೆ. ಪೋಸ್ಟ್‌ಫಿಕ್ಸ್ ಅಂದರೆ ಮೇಲ್ ಸಾಗಿಸುವ ಸಾಫ್ಟ್‌ವೇರ್. ಬರವಣಿಗೆ ಬಹಳ ತಿಳಿ. ಮೇಲ್ ಒಳಗೆ ಬಂದು, ಕ್ಯೂನಲ್ಲಿ ಕಾದು, ಹೊರಗೆ ಹೋಗುವವರೆಗಿನ ದಾರಿ ಕಣ್ಣಿಗೆ ಕಟ್ಟುತ್ತದೆ. ಅದರಂತೆಯೇ ಮಾಡಿದೆ, ಲಾಗ್‌ನಲ್ಲಿ ‘ಸೆಂಟ್’ ಅಂತಲೂ ಬಂತು. ಮೂರು ದಿನ ಬಿಟ್ಟು ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಫೋನ್ ಮಾಡಿ, “ಬಿಲ್ ಎಲ್ಲೈತ್ರೀ? ಬಂದೇ ಇಲ್ಲಲ್ರೀ” ಅಂದರು. ನಾವು ಮೇಲ್‌ನಲ್ಲಿ ಕಳಿಸಿದ್ದ ಬಿಲ್ ಅವರ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಪುಸ್ತಕವನ್ನು ಬೈಯುವ ಹಾಗಿಲ್ಲ, ಮೇಲ್‌ಗೆ ಕಳಿಸುವ ಡೊಮೈನಿನ ಸಹಿ ಹಾಕುವ ಡಿಕಿಮ್ ಬಂದಿದ್ದು 2007ರಲ್ಲಿ, ತಪಾಸಣೆಯಲ್ಲಿ ಫೇಲಾದ ಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ನಿಯಮ 2015ರಲ್ಲಿ. ಅದು ಬರೆಯುವಾಗ ಇವು ಇರಲೇ ಇಲ್ಲ.

ಕೊನೆಗೆ ಹೊಸದನ್ನೇ ಕೊಂಡೆ, ಮೈಕೆಲ್ ಲ್ಯೂಕಸ್ ಅವರ 2024ರ ‘ರನ್ ಯುವರ್ ಓನ್ ಮೇಲ್ ಸರ್ವರ್’. ಪೋಸ್ಟ್‌ಫಿಕ್ಸ್, ಬಂದ ಮೇಲ್ ಇಟ್ಟುಕೊಂಡು ಓದಲು ಕೊಡುವ ಡವ್‌ಕಾಟ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ಮೂರನ್ನೂ ಜೋಡಿಸಿ, ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿಯಾದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲ ಬರುತ್ತದೆ. ಡೆಬಿಯನ್, ಫ್ರೀಬಿಎಸ್‌ಡಿ ಎಂಬ ಎರಡು ಆಪರೇಟಿಂಗ್ ಸಿಸ್ಟಮ್‌ಗೂ ಹೇಳುವುದರಿಂದ ನಮಗೆ ಬೇಡದ್ದನ್ನು ದಾಟುತ್ತಾ ಓದಬೇಕು, ಅದೊಂದು ಕಿರಿಕಿರಿ. ಝೋನ್ ಫೈಲು ಕೈಯಲ್ಲಿ ಬರೆದ ಅಭ್ಯಾಸ ಇಲ್ಲದೆ ಇದನ್ನು ಮುಟ್ಟಬೇಡಿ. ಇನ್ನೊಂದು: ಆಫೀಸಿನ ಬ್ರಾಡ್‌ಬ್ಯಾಂಡ್‌ನಲ್ಲಿ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ಪೋರ್ಟ್ 25 ಬಂದ್ ಇತ್ತು, ಐಪಿ ವಿಳಾಸ ಯಾರ ಹೆಸರಿನದು ಅಂತ ತೋರಿಸುವ ಪಿಟಿಆರ್ ರೆಕಾರ್ಡ್ ಕೇಳಿದರೆ ಬ್ರಾಡ್‌ಬ್ಯಾಂಡ್ ಕಂಪನಿಯವರಿಗೆ ಹಾಗಂದರೇನು ಅಂತಲೇ ಗೊತ್ತಿರಲಿಲ್ಲ. ಸುಮ್ನೆ ಬಾಡಿಗೆ ಸರ್ವರ್ ತಗೊಂಡೆ. ಬಿಲ್ ಈಗ ಇನ್‌ಬಾಕ್ಸಿಗೇ ಹೋಗುತ್ತೆ.

ಡೆಂಟ್ ಪುಸ್ತಕವನ್ನು ರದ್ದಿಗೆ ಹಾಕಿಲ್ಲ, ಕ್ಯೂನಲ್ಲಿ ಮೇಲ್ ಸಿಕ್ಕಿಕೊಂಡಾಗ ಈಗಲೂ ತೆಗೆಯುತ್ತೇನೆ. ಅದೇ ಅಂಗಡಿಯಲ್ಲಿ ಮುಖಪುಟದಲ್ಲಿ ಬಾವಲಿ ಚಿತ್ರ ಇರುವ, ಸೆಂಡ್‌ಮೇಲ್ ಎಂಬ ಹಳೇ ಮೇಲ್ ಸಾಫ್ಟ್‌ವೇರಿನ ಪುಸ್ತಕವೂ ಇತ್ತು. ಸಾವಿರ ಪುಟಕ್ಕೂ ಜಾಸ್ತಿ. ಒಂದು ಸಲ ಎತ್ತಿ ನೋಡಿ ಅಲ್ಲೇ ಇಟ್ಟು ಬಂದೆ.