ಮೂರು ಮಳೆಗಾಲ ಕಂಡ ಪುಟಾಣಿ ತೋಟದ ಎಂಜಿನ್

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಕುಶಾಲನಗರಕ್ಕೆ ರೈಲು ಬರುತ್ತದಂತೆ ಅನ್ನುವ ಮಾತು ಕೇಳುತ್ತಲೇ ನನ್ನ ತಲೆ ನರೆಯಿತು. ಆದರೆ ಸುಂಟಿಕೊಪ್ಪದ ನಮ್ಮ ಮನೆಯ ಅಟ್ಟದಲ್ಲಿ, ಆರಡಿ ಹಲಗೆಯ ಮೇಲೆ, ಮೂರು ವರ್ಷದಿಂದ ಒಂದು ಪುಟಾಣಿ ಮಾದರಿ ರೈಲು ಓಡುತ್ತಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಕಣಕ್ಕೆ, ಕಣದಿಂದ ಗೋಡೌನಿಗೆ. ನೋಡಿದವರೆಲ್ಲ ಕೇಳುವುದು ಒಂದೇ, "ಇದನ್ನ ಎಲ್ಲಿ ತಗೊಂಡ್ರಿ? ನಮಗೂ ತರಿಸಿಕೊಡ್ತೀರಾ?" ಪಾರ್ಸೆಲ್ ಬಂದ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಮೂರು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ಲೆಕ್ಕ ಬೇರೆ.

ಕೊಂಡದ್ದು ಮೂರು ಸಾಮಾನು. ಜಪಾನಿನಲ್ಲಿ ಮಾಡಿದ ನಾಲ್ಕು ಚಕ್ರದ ಮೋಟಾರ್ ಚಾಸಿ, ಅಂದರೆ ಎಂಜಿನ್ನಿನ ಓಡುವ ಅಡಿಭಾಗ. ಅದರ ಮೇಲೆ ಕೂರಿಸಲು ರೆಸಿನ್‌ನಲ್ಲಿ ಪ್ರಿಂಟ್ ಮಾಡಿದ ಎಂಜಿನ್ ಬಾಡಿ, ಇಂಗ್ಲೆಂಡಿನ ಒಬ್ಬ ಸಣ್ಣ ಮಾರಾಟಗಾರನಿಂದ. ಆಮೇಲೆ ಆರು ಟಿಪ್ಪರ್ ವ್ಯಾಗನ್ ಕಿಟ್. ಎಲ್ಲವೂ 1:76 ಅಳತೆ, ಅಂದರೆ ನಿಜದ್ದರ 76ರಲ್ಲಿ ಒಂದು ಪಾಲು, ಓಡುವುದು 9 ಮಿಮೀ ಅಗಲದ ಹಳಿಯ ಮೇಲೆ. ಈ ಹವ್ಯಾಸದವರು ಇದನ್ನು ಡಬಲ್ ಓ ನೈನ್ ಅನ್ನುತ್ತಾರೆ. ಲೆಕ್ಕ ಹಾಕಿದರೆ 9 ಮಿಮೀ ಅಂದರೆ ನಿಜದಲ್ಲಿ 684 ಮಿಮೀ. ನಾನು ತೋರಿಸಹೊರಟ ಎರಡಡಿ ಹಳಿ 610 ಮಿಮೀ ಇರಬೇಕು. ಅಂದರೆ ನನ್ನ ಹಳಿ ಮೂರು ಇಂಚು ಅಗಲ ಜಾಸ್ತಿ. ಕಣ್ಣಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಜಗಳ ಬೇಡ.

ಬಾಡಿಯ ಮಾದರಿ ಸಿಂಪ್ಲೆಕ್ಸ್. ಮೊದಲ ಮಹಾಯುದ್ಧದಲ್ಲಿ ಕಂದಕಗಳ ತನಕ ಗುಂಡು, ಬ್ರೆಡ್ಡು ಸಾಗಿಸಲು ಬೆಡ್‌ಫರ್ಡಿನ ಮೋಟಾರ್ ರೈಲ್ ಕಂಪನಿ ಮಾಡಿದ ಪೆಟ್ರೋಲ್ ಎಂಜಿನ್ ಅದು. ಹೊಗೆ ಇಲ್ಲ, ಹಾಗಾಗಿ ಶತ್ರುವಿಗೆ ದೂರದಿಂದ ಕಾಣುವುದಿಲ್ಲ. ಯುದ್ಧ ಮುಗಿದ ಮೇಲೆ ಉಳಿದವು ಕಲ್ಲುಕೋರೆ, ಇಟ್ಟಿಗೆ ಭಟ್ಟಿ ಅಂತ ಹಂಚಿಹೋದವು. ಟಿಪ್ಪರ್ ವ್ಯಾಗನ್‌ಗಳೂ ಅದೇ ಕಾಲದವು, ಎರಡೂ ಪಕ್ಕಕ್ಕೆ ಮಗುಚುವ ತೊಟ್ಟಿ ಇರುವಂಥವು. ಲೀಡ್ಸ್‌ನ ರಾಬರ್ಟ್ ಹಡ್ಸನ್ ಕಂಪನಿ ಇಂಥವನ್ನು ದೇಶ ದೇಶಕ್ಕೆ ಮಾರಿತ್ತು.

"ಕಾಫಿ ತೋಟದಲ್ಲಿ ಎಲ್ಲಿಯ ರೈಲು?" ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಕೇಳಿದ್ದರು. ಮುನ್ನಾರ್‌ನಲ್ಲಿ ಇತ್ತಲ್ಲ ಅಂದೆ. ಅಲ್ಲಿ ಚಹಾ ಸಾಗಿಸಲು 1902ರಲ್ಲಿ ಒಂಟಿ ಹಳಿ ಹಾಕಿದರು, 1908ರಲ್ಲಿ ಅದನ್ನು ಎರಡಡಿ ಹಳಿ ಮಾಡಿದರು, 1924ರ ಪ್ರವಾಹ ಅಷ್ಟನ್ನೂ ಕೊಚ್ಚಿಕೊಂಡು ಹೋಯಿತು. ಚಹಾಕ್ಕೆ ಆದದ್ದು ಕಾಫಿಗೆ ಯಾಕಾಗಬಾರದು? ನನ್ನದು ಕಲ್ಪನೆಯ ತೋಟ. ಅಲ್ಲಿ ರೈಟರ್ ಕೂಡ ನಾನೇ.

ಈಗ ಸಾಮಾನಿನ ವಿಚಾರ.

ಚಾಸಿ ಚೆನ್ನಾಗಿದೆ. ಸದ್ದು ಕಡಿಮೆ, 228 ಮಿಮೀ ತ್ರಿಜ್ಯದ ಬಿಗಿ ತಿರುವಿನಲ್ಲೂ ಹಳಿ ಬಿಡುವುದಿಲ್ಲ. ತೊಂದರೆ ಅದರ ಗಾತ್ರದ್ದೇ. ಚಕ್ರದಿಂದ ಚಕ್ರಕ್ಕೆ ಎರಡು ಸೆಂಟಿಮೀಟರ್ ಚಿಲ್ಲರೆ. ನಾಲ್ಕೇ ಚಕ್ರ, ಹಳಿಯಿಂದ ಮೋಟಾರಿಗೆ ಕರೆಂಟ್ ಬರುವುದು ಆ ನಾಲ್ಕರ ಮೂಲಕವೇ. ಒಂದು ಚಕ್ರದ ಕೆಳಗೆ ಧೂಳು ಬಂದರೆ ಸಾಕು, ನಿಂತುಬಿಡುತ್ತದೆ. ಹಳಿ ಕವಲೊಡೆಯುವ ಜಾಗದ ನಡುವಿನ ತುಂಡಿಗೆ ಫ್ರಾಗ್ ಅನ್ನುತ್ತಾರೆ, ಅಂದರೆ ಕಪ್ಪೆ. ಅದು ಪ್ಲಾಸ್ಟಿಕ್ ಆಗಿದ್ದರೆ ಈ ಎಂಜಿನ್ ಪ್ರತಿ ಸಲ ಅದರ ಮೇಲೇ ಕೂತುಬಿಡುತ್ತದೆ. ಮಳೆಗಾಲದಲ್ಲಿ ನಮಗೆ ಕಪ್ಪೆಗೇನು ಬರವೇ? ಕರೆಂಟ್ ಹರಿಯುವ ಲೋಹದ ಕಪ್ಪೆಯ ಕವಲನ್ನೇ ಕೊಳ್ಳಿ. ಸ್ವಲ್ಪ ದುಬಾರಿ, ವೈರಿಂಗ್ ಕೂಡ ಜಾಸ್ತಿ, ಆದರೂ ಅದನ್ನೇ ಕೊಳ್ಳಿ.

ನಮ್ಮ ಮಳೆ ಗೊತ್ತಲ್ಲ. ಜುಲೈ ನಡುವಿನಿಂದ ಬರುವ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಳಿ ನಿಕಲ್ ಸಿಲ್ವರ್‌ನದು. ಹೆಸರಿನಲ್ಲಿ ಬೆಳ್ಳಿ ಇದೆ, ಲೋಹದಲ್ಲಿಲ್ಲ, ಇರುವುದು ತಾಮ್ರ, ಸತು, ನಿಕಲ್. ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜ. ಆದರೆ ವಾರ ಬಿಟ್ಟರೆ ಕಪ್ಪು ಪೊರೆ ಕಟ್ಟುತ್ತದೆ. ಮೊದಲ ವರ್ಷ ಮರಳು ಕಾಗದದಲ್ಲಿ ಉಜ್ಜಿದೆ, ದೊಡ್ಡ ತಪ್ಪು. ಗೀರು ಬಿದ್ದ ಹಳಿಯಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಈಗ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಚಿತ್ರ ಬರೆಯುವವರ ಗ್ರಾಫೈಟ್ ಕಡ್ಡಿಯನ್ನು ಹಳಿಯ ಒಳ ಅಂಚಿಗೆ ಒಮ್ಮೆ ಎಳೆಯುತ್ತೇನೆ. ಅದರಿಂದ ಮೂರು ವಾರ ನಿಶ್ಚಿಂತೆ. ಜಾಸ್ತಿ ಹಚ್ಚಬೇಡಿ, ಏರಿನಲ್ಲಿ ಚಕ್ರ ಜಾರುತ್ತದೆ.

ಬಾಡಿಯ ಕಥೆಗೆ ಬರೋಣ. ಇದರಲ್ಲಿ ಅರ್ಧ ತಪ್ಪು ನನ್ನದು.

ಎಂಜಿನ್ ಹಗುರ, ಆರು ವ್ಯಾಗನ್ ಎಳೆಯಲು ತೂಕ ಬೇಕು. ಮನೆಯಲ್ಲಿ ಕೋವಿಯ ಹಳೇ ತೋಟಾ ಇದ್ದವು. ನಮ್ಮ ಕಡೆ ಕೋವಿ ಇಲ್ಲದ ಮನೆ ಕಮ್ಮಿ ಅಲ್ವಾ. ತೋಟಾ ಬಿಚ್ಚುವುದು ಗೊತ್ತಿದ್ದ ನಮ್ಮ ಮಾವ ಒಳಗಿನ ಚರೆ, ಅಂದರೆ ಸೀಸದ ಸಣ್ಣ ಗುಂಡು, ತೆಗೆದುಕೊಟ್ಟರು. ಅಷ್ಟನ್ನೂ ಬಾನೆಟ್ಟಿನೊಳಗೆ ತುಂಬಿ, ಮರಗೆಲಸದ ಬಿಳಿ ಅಂಟು ಸುರಿದು ಮುಚ್ಚಿದೆ. ಆನೆಯ ಹಾಗೆ ಎಳೆಯಿತು. ಎರಡನೇ ಮಳೆಗಾಲ ಮುಗಿದು, ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಎಲ್ಲರೂ ಕೋವಿ ಒರೆಸುತ್ತಿದ್ದಾಗ ನಾನು ಅಟ್ಟದಲ್ಲಿ ಹಳಿ ಒರೆಸುತ್ತಿದ್ದೆ. ಮಗಳು ಕೂಗಿದಳು, "ಅಪ್ಪ, ಎಂಜಿನ್ನಿಗೆ ಹೊಟ್ಟೆ ಉಬ್ಬರ!" ನೋಡಿದರೆ ಬಾನೆಟ್ ಪಕ್ಕಕ್ಕೆ ಉಬ್ಬಿ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಬಿಳಿ ಪುಡಿ ಉದುರುತ್ತಿತ್ತು.

ಆಮೇಲೆ ತಿಳಿಯಿತು, ಇದು ಹಳೇ ಕಾಯಿಲೆ. ಬಿಳಿ ಅಂಟಿನಿಂದ ನಿಧಾನವಾಗಿ ಅಸಿಟಿಕ್ ಆಮ್ಲ ಹೊರಬರುತ್ತದೆ, ವಿನೆಗರ್‌ನಲ್ಲಿ ಇರುವುದೇ ಅದು. ತೇವ ಇದ್ದರೆ ಅದು ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಪುಡಿಗೆ ಸೀಸಕ್ಕಿಂತ ಜಾಗ ಜಾಸ್ತಿ ಬೇಕು, ಒಳಗಿಂದಲೇ ಒಡೆಯುತ್ತದೆ. ಒಣ ಊರಿನಲ್ಲಿ ಹತ್ತು ವರ್ಷಕ್ಕೆ ಆಗುತ್ತಿತ್ತೋ ಏನೋ, ನಮ್ಮಲ್ಲಿ ಎರಡೇ ವರ್ಷ ಸಾಕಾಯಿತು. ಆ ಪುಡಿ ವಿಷ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಈಗ ಹಿತ್ತಾಳೆ ಚೂರು ತುಂಬಿ ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಾಕಿದ್ದೇನೆ.

ಉಳಿದರ್ಧ ತಪ್ಪು ಬಾಡಿಯದು. ರೆಸಿನ್ ತೀರಾ ತೆಳು, ವರ್ಷ ಕಳೆದಂತೆ ಗಾಜಿನ ಹಾಗೆ ಗಡಸಾಯಿತು. ಹೊಸದಕ್ಕೆ ಬರೆದೆ, ಮಾರಾಟಗಾರನಿಂದ ಉತ್ತರವೇ ಇಲ್ಲ. ಎರಡನೇ ಬಾಡಿಗೆ ಮತ್ತೆ ದುಡ್ಡು ಕೊಟ್ಟೆ. ಸುಂಕ ಬೇರೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಐವತ್ತು ದಾಟಿದ ನನ್ನ ಆಟಕ್ಕೂ ಅದೇ ಲೆಕ್ಕ!

ವ್ಯಾಗನ್ ಕಿಟ್‌ಗಳ ಬಗ್ಗೆ ದೂರಿಲ್ಲ. ಒಂದೊಂದಕ್ಕೆ ಒಂದು ಸಂಜೆ ಹಿಡಿಯಿತು. ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ್ದು ಹಾಕಿದ ಮೇಲೆ ಹಳಿಯೂ ಬೇಗ ಕೊಳೆಯಾಗುವುದಿಲ್ಲ. ಕಾಫಿ ಹಣ್ಣಿನ ಲೋಡಿಗೆ ಮೊದಲು ಮೆಣಸಿನ ಪುಡಿ ಹಾಕಿದ್ದೆ, ಬಣ್ಣ ಮಾತ್ರ ಸೂಪರ್. ಹುಳು ಬಿತ್ತು. ಈಗ ಇಟ್ಟಿಗೆ ಪುಡಿಯನ್ನು ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿದ್ದೇನೆ. ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಮುಟ್ಟಲೇಬೇಡಿ. ಗಾಳಿಯ ತೇವಕ್ಕೆ ಬಿಳಿ ಮಂಜು ಕೂರುತ್ತದೆ. ನನ್ನ ಒಂದು ವ್ಯಾಗನ್ ಇಂದಿಗೂ ತಲಕಾವೇರಿಯ ಬೆಳಗಿನ ಹಾಗೆ ಕಾಣುತ್ತದೆ.

ಹಲಗೆಯದೂ ಒಂದು ಮಾತು. ತೋಟದ ಸಿಲ್ವರ್ ಓಕ್ ಕೊಯ್ಸಿ ಹಾಕಿದೆ, ಸುಮ್ನೆ ದುಡ್ಡು ಉಳಿಯಿತು ಅಂದುಕೊಂಡೆ. ಜುಲೈನಲ್ಲಿ ತಿರುಚಿಕೊಂಡಿತು.

ಈ ವರ್ಷ ಮಾಡಿದ್ದು ಬೇರೆಯೇ. ಚಾಸಿಗೆ ಚಕ್ರದಿಂದ ಕರೆಂಟ್ ಹೋಗುವ ವೈರ್ ಕತ್ತರಿಸಿದೆ. ಎಂಜಿನ್ ಹಿಂದೆ ಒಂದು ಚಪ್ಪಟೆ ವ್ಯಾಗನ್, ಅದರ ಮೇಲೆ ಕಾಫಿ ಮೂಟೆಗಳು. ಮೂಟೆಯ ಕೆಳಗೆ 3.7 ವೋಲ್ಟಿನ ಪುಟ್ಟ ಲಿಥಿಯಂ ಬ್ಯಾಟರಿ, ಅದನ್ನು 9 ವೋಲ್ಟಿಗೆ ಏರಿಸುವ ಉಗುರಿನಷ್ಟು ಬೋರ್ಡು. ಕೂದಲಿನಂಥ ಎರಡು ವೈರ್ ಎಂಜಿನ್ನಿಗೆ. ಒಮ್ಮೆ ಚಾರ್ಜ್ ಮಾಡಿದರೆ ಅರ್ಧ ಗಂಟೆ ಓಡುತ್ತದೆ. ಹಳಿ ಕಪ್ಪಾದರೂ, ಕಪ್ಪೆ ಇದ್ದರೂ, ಮನೆಯ ಕರೆಂಟೇ ಹೋದರೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನಮಗೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಹೇಳಬೇಕೇ? ಮೊದಲೇ ಹೀಗೆ ಮಾಡಿದ್ದರೆ ಎರಡು ವರ್ಷದ ಉಜ್ಜಾಟ ತಪ್ಪುತ್ತಿತ್ತು.

ಚಾಸಿಗೆ ನಾಲ್ಕು, ವ್ಯಾಗನ್‌ಗೆ ಐದು, ಬಾಡಿಗೆ ಎರಡು. ತರಿಸುವುದಾದರೆ ದೀಪಾವಳಿ ಕಳೆದ ಮೇಲೆ ತರಿಸಿ, ಬಣ್ಣ ಒಣಗಲು ಬಿಸಿಲು ಸಿಗುತ್ತದೆ. ಚರೆ ಮಾತ್ರ ತೋಟಾದಲ್ಲೇ ಇರಲಿ.